ಹಗ್ಗದ ಇನ್ನೊಂದು ತುದಿ

ಬತ್ರೂನ್, ಶನಿವಾರ

ಪ್ರೀತಿಯ ಅಮ್ಮನಿಗೆ,

ಫೋನ್ ಕೆಟ್ಟು ಆರು ದಿನವಾಯಿತು. ಬೆಟ್ಟದ ದಾರಿಯ ಹಿಮ ತೆಗೆಯಲು ಹೊರಟಿರುವ ಗಾಡಿಯ ಡ್ರೈವರ್ ನಖ್ಲೆ ಈ ಪತ್ರ ತಲುಪಿಸುತ್ತಾರೆ. ಅಲ್ಲಿ ಅಕ್ಕನಿಗೆ ಹೆರಿಗೆ ಆಯಿತೇ? ಆಗಿರದಿದ್ದರೆ ಇದನ್ನು ಅವಳಿಗೆ ತೋರಿಸಬೇಡ.

ಅಪ್ಪ ಹೋಗಿಬಿಟ್ಟರು, ಅಮ್ಮ. ಸೋಮವಾರ ಗುಡುಗು ಮಳೆಯಲ್ಲಿ ನಮ್ಮ ದೋಣಿ ಬಂದರಿನ ಗೋಡೆಗೆ ಬಡಿಯುತ್ತಿತ್ತು.

"ಹೋಗಬೇಡಪ್ಪ, ಅಮ್ಮ ಬೈತಾಳೆ" ಅಂದೆ.

"ಅವಳು ಹಿಮದಲ್ಲಿ ಸಿಕ್ಕೊಂಡಿದ್ದಾಳೆ, ಬೈದ್ರೂ ಇಲ್ಲಿಗೆ ಕೇಳ್ಸಲ್ಲ ಬಾ" ಎಂದು ನಗುತ್ತಾ ದೋಣಿಯನ್ನು ಬಿಗಿಯಾಗಿ ಕಟ್ಟಲು ಹೊರಟರು. ಅಲೆ ಅವರನ್ನು ಎಳೆದುಕೊಂಡಿತು. ದೇಹ ಮರುದಿನ ಸಿಕ್ಕಿತು. ನಿನಗಾಗಿ ಮೂರು ದಿನ ಕಾದೆವು, ದಾರಿ ತೆರೆಯಲಿಲ್ಲ. ನಿನ್ನೆ ಮಳೆಯಲ್ಲೇ ಮಣ್ಣು ಮಾಡಿದೆವು. ನೀನು ಹೆಣೆದ ಕಂದು ಸ್ವೆಟರ್ ತೊಡಿಸಿದ್ದೇನೆ.

ದುಡುಕಿ ನಡೆದು ಹೊರಡಬೇಡ, ಗಾಡಿಯಲ್ಲೇ ಬಾ. ಮೊಣಕಾಲಿಗೆ ಬಟ್ಟೆ ಸುತ್ತಿಕೋ.

ಹಗ್ಗ ತುಂಡಾಯಿತೆಂದು ಎಲ್ಲರೂ ನಿನಗೆ ಹೇಳುತ್ತಾರೆ. ತುಂಡಾಗಲಿಲ್ಲ. ಅಪ್ಪನ ಸೊಂಟಕ್ಕೆ ಕಟ್ಟಿದ್ದ ಹಗ್ಗದ ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. ಹತ್ತಿರದಲ್ಲೇ ಸಿಡಿಲು ಹೊಡೆದಾಗ ಬೆಚ್ಚಿಬಿದ್ದು ಕೈಬಿಟ್ಟೆ. ಇದು ಇನ್ನಾರಿಗೂ ಗೊತ್ತಿಲ್ಲ. ನಿನ್ನ ಮುಖ ನೋಡಿಕೊಂಡು ಹೇಳಲಾರೆ, ಅದಕ್ಕೇ ಬರೆದೆ.

ಬಂದ ಮೇಲೆ ಹೊಡೆದರೂ ಸರಿ. ನನ್ನ ಜೊತೆ ಮಾತು ಮಾತ್ರ ಬಿಡಬೇಡ.

ನಿನ್ನ ಮಗಳು,
ನುಹಾದ್