ಅಪ್ಪ ಮಾಡಿದ ಒಂದು ಮಡಕೆ

ಮಾರ್ಚ್ ೧೪, ಭಾನುವಾರ

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದಗಳು. ಮಡಕೆ ಸುಡಲು ಹೊಸ ಆವಿಗೆ ಕಟ್ಟಿದ್ದೇನೆ, ಮೊದಲ ಸಲ ಸುಟ್ಟಾಗ ಒಂದೂ ಬಿರಿಯಲಿಲ್ಲ ಎಂದು ನೀನು ಬರೆದು ಐದು ತಿಂಗಳಾಯಿತು. ಉತ್ತರಿಸದ ನನ್ನನ್ನು ಧಾರಾಳವಾಗಿ ಬಯ್ಯಿ. ಸೋಮಾರಿತನವಲ್ಲ ಕಣೋ, ಬರೆಯಲು ಮುಖವಿರಲಿಲ್ಲ.

ಹಳೇ ಮಡಕೆಗಳ ನನ್ನ ಹುಚ್ಚು ಗೊತ್ತಲ್ಲ. ಗುಜರಿ ಅಂಗಡಿ, ಕೆಡವುತ್ತಿರುವ ಮನೆ, ಎಲ್ಲಿ ಹಳೆಯ ಜಾಡಿ ಕಂಡರೂ ಕಾಲು ಅಲ್ಲೇ ನಿಲ್ಲುತ್ತದೆ. ಈಗ ಮೆಟ್ಟಿಲಿಗೊಂದು ಹೂಜಿ, ಬಾಗಿಲ ಬಳಿಯ ಜಾಡಿಯಲ್ಲಿ ಕೊಡೆಗಳು, ಬಾಯಿ ಮುರಿದದ್ದರೊಳಗೆ ದೀಪ. “ನಮ್ಮನೇಲಿ ಕಾಲಿಡೋಕೂ ನಿನ್ನ ಮಡಕೆಗಳ ಅಪ್ಪಣೆ ಬೇಕು” ಅನ್ನುತ್ತಾರೆ ನಿನ್ನ ಭಾವ.

ಕಳೆದ ತಿಂಗಳು ಮನೆ ಅಲಂಕಾರದ ಪತ್ರಿಕೆಯವಳೊಬ್ಬಳು ಫೋಟೊ ತೆಗೆಯಲು ಬಂದಿದ್ದಳು. ನಾನು ಜಾಡಿಯೊಂದನ್ನು ಬೆರಳಿನ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು, “ಇದು ಅರೆಬೆಂದದ್ದು” ಎಂದೆ. ಅವಳು ಕಣ್ಣರಳಿಸಿ, “ಇದೆಲ್ಲ ಎಲ್ಲಿ ಕಲಿತ್ರಿ ಮೇಡಂ?” ಎಂದಳು.

“ಪುಸ್ತಕ ಓದಿ” ಎಂದುಬಿಟ್ಟೆ. ನಾಲಿಗೆ ತಡವರಿಸಲೂ ಇಲ್ಲ.

ಮಗಳು ಅಲ್ಲೇ ಇದ್ದಳು. ಪತ್ರಿಕೆಯವಳು ಹೋದಮೇಲೆ ಕೇಳಿದಳು: “ತಾತ ಕುಂಬಾರರಲ್ವಾ ಅಮ್ಮ? ಹೇಳೋಕೆ ನಿಂಗೇನಾಗಿತ್ತು?” ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಮರುದಿನ ಪತ್ರಿಕೆಯವಳಿಗೆ ಫೋನು ಮಾಡಿ ನಿಜ ಹೇಳಿದೆ. ಬೇಸರಪಡುತ್ತಾಳೆ ಅಂದುಕೊಂಡರೆ ಕುಣಿದಾಡಿದಳು. “ಅಯ್ಯೋ, ಮೊದಲೇ ಹೇಳಬಾರ್ದಿತ್ತಾ! ಅವರು ಮಾಡಿದ ಒಂದು ಮಡಕೆ ತೆಗೆದಿಡಿ. ಅದನ್ನೇ ಮೊದಲ ಪುಟಕ್ಕೆ ಹಾಕೋಣ.”

ಮನೆಯಲ್ಲಿ ಅರವತ್ತೇಳು ಮಡಕೆಗಳಿವೆ. ಯಾರ್ಯಾರ ಕೈಯವೋ. ಅಪ್ಪನದು ಒಂದೂ ಇಲ್ಲ.

ನಿನ್ನಲ್ಲಿ ಉಳಿದಿದ್ದರೆ ಒಂದು ಕಳಿಸುತ್ತೀಯಾ? ಅಪ್ಪ ಹೋದ ಇಷ್ಟು ವರ್ಷಕ್ಕೆ, ಅದೂ ಫೋಟೊಗಾಗಿ ಕೇಳುತ್ತಿದ್ದೇನೆ. ನಾಚಿಕೆಯಾಗುತ್ತದೆ. ಮನಸ್ಸಾಗದಿದ್ದರೆ ಬೇಡಪ್ಪ.

ನಿನ್ನ ಹೆಂಡತಿ, ಮಕ್ಕಳು ತಣ್ಣಗಿರಲಿ. ನಿನ್ನ ಕೈಯ ಕಸುಬು ನೂರು ಕಾಲ ಬಾಳಲಿ.

ನಿನ್ನ ಅಕ್ಕ

ಮತ್ತೊಂದು ಮಾತು: ಇದನ್ನು ಬರೆಯದೆ ಲಕೋಟೆ ಅಂಟಿಸಲಾಗುತ್ತಿಲ್ಲ. ನಾವು ಈ ಮನೆಗೆ ಬಂದ ಹೊಸತರಲ್ಲಿ ಅಪ್ಪ ದೊಡ್ಡದೊಂದು ಹೂಜಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬಂದಿದ್ದ. ಒಳಗೆ ನಿನ್ನ ಭಾವನ ಕಚೇರಿಯವರು ತುಂಬಿದ್ದರು; ಭಾವ ಅಂಗಡಿಗೆ ಹೋಗಿದ್ದರು. “ಯಾರದು?” ಎಂದು ಯಾರೋ ಕೇಳಿದರು. “ಮಡಕೆ ಮಾರೋನು” ಎಂದೆ. ಅಪ್ಪನಿಗೆ ಕೇಳಿಸಿತು. ಒಂದು ಗಳಿಗೆ ನನ್ನ ಮುಖ ನೋಡಿ, “ಎಲ್ಲಿಡ್ಲಿ ಅಮ್ಮಾವ್ರೇ?” ಎಂದ. ಹಿತ್ತಲು ತೋರಿಸಿದೆ. ಇಟ್ಟು, ಒಂದು ಲೋಟ ನೀರೂ ಕುಡಿಯದೆ ಹೊರಟುಹೋದ. ಆ ಹೂಜಿ ಅಲ್ಲೇ ಬಿಸಿಲಲ್ಲಿ ಬಿದ್ದು, ಒಡೆದುಹೋಯಿತು.

ಅವತ್ತು ಮನೆಗೆ ಬಂದು ನಿಮಗೆಲ್ಲ, “ಅಕ್ಕನ ಮನೆಗೆ ಬೀಗ ಹಾಕಿತ್ತು, ಪಕ್ಕದವರ ಕೈಗೆ ಕೊಟ್ಟು ಬಂದೆ” ಅಂದನಂತೆ. ಸಾಯುವತನಕ ಹಾಗೇ ಹೇಳಿದ.

ಬೀಗ ಹಾಕಿರಲಿಲ್ಲ ಕಣೋ. ಬಾಗಿಲು ತೆಗೆದವಳೇ ನಾನು.