ಪೂಜೆಯಾದ ಶಾವಿಗೆ ಯಂತ್ರ ಫೇಲಾದದ್ದು

ಅತ್ತೆಯವರಿಗೆ ಶರಣಾರ್ಥಿಗಳು.

ನೀವು ಮುನಿಸಿಕೊಂಡು ಗೋಕಾಕ ಬಿಟ್ಟು, ಯಮಕನಮರಡಿಯ ಮಗಳ ಮನೆಗೆ ಹೋಗಿ ವಾರವಾಯಿತು. ಫೋನ್ ಮಾಡಿದರೆ ಸುಜಾತಾ "ಅವ್ವ ಮಲಗ್ಯಾಳ್ರಿ ವೈನಿ" ಎನ್ನುತ್ತಾಳೆ. ಹಿಂದಿನಿಂದ "ಮಲಗ್ಯಾಳ ಅಂತ ಹೇಳು" ಎಂಬ ನಿಮ್ಮ ದನಿ ಕೇಳಿಸುತ್ತದೆ. ಅದಕ್ಕೇ ಈ ಪತ್ರ.

ನಾನು ಫೇಲ್ ಎಂದದ್ದು ನಮ್ಮ ಶೆಡ್ಡಿನಲ್ಲಿ ತಯಾರಾದ ಮೊದಲ ಶಾವಿಗೆ ಯಂತ್ರಕ್ಕೆ, ನಿಮ್ಮ ಪೂಜೆಗಲ್ಲ. ಆದರೆ ಯಂತ್ರ ಕೊಳ್ಳಲು ಹುಕ್ಕೇರಿಯಿಂದ ಬಂದಿದ್ದ ಅಂಗಡಿಕಾರ ಆಬಾಸಾಹೇಬ ಕಾಕಾರ ಎದುರು ಅಷ್ಟು ಜೋರಾಗಿ ಹೇಳಬೇಕಿತ್ತೇ? ದಿನವೂ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ.

ಮನೆಯ ಕರೆಂಟು ಇನ್ನೂರಮೂವತ್ತು ವೋಲ್ಟ್. ನಾವು ಮೋಟಾರಿನ ವೈರಿಗೂ ಯಂತ್ರದ ಕಬ್ಬಿಣದ ಮೈಗೂ ನಡುವೆ ಸಾವಿರದೈನೂರು ಕೊಟ್ಟು ನೋಡುತ್ತೇವೆ. ನಡುವಿನ ಇನ್ಸುಲೇಶನ್ ತಡೆದರೆ ಪಾಸು. ಕರೆಂಟು ಸೋರಿದರೆ ಟೆಸ್ಟಿಂಗ್ ಪೆಟ್ಟಿಗೆ ಚೀರುತ್ತದೆ. ಇನ್ಸುಲೇಶನ್ನಿಗೆ ಕನ್ನಡ ಸಿಗದೆ ನಾನು ತಡವರಿಸಿದಾಗ, "ಕರೆಂಟಿಗೆ ಸೆರಗು ಹೊಚ್ಚೂದು ಅನ್ನವ್ವಾ" ಎಂದಿದ್ದಿರಿ.

ಅವತ್ತು ನಿಮ್ಮ ಪೂಜೆ ಮುಗಿದ ಬೆನ್ನಿಗೇ ಟೆಸ್ಟ್ ಮಾಡಿದೆ. ಪೆಟ್ಟಿಗೆ ಚೀರಿತು. ಕಾಕಾರ ಬಾಯಲ್ಲಿದ್ದ ಕರದಂಟು ಒಳಗೂ ಹೋಗದೆ ಹೊರಗೂ ಬರದೆ ನಿಂತಿತು. "ನಾ ಮುಟ್ಟಿದ್ದಕ್ಕ ಕೆಟ್ಟಿತೇನು?" ಎಂದು ನೀವು ಚೀಲ ಎತ್ತಿಕೊಂಡಿರಿ.

ನೀವು ಹೋದ ಮೇಲೆ ಮೋಟಾರಿನ ಮುಚ್ಚಳ ಬಿಚ್ಚಿದೆವು. ವೈರು ಕೂಡುವಲ್ಲಿ ಕಾಯಿನೀರು, ಅದರಲ್ಲಿ ಕರಗಿದ ಕುಂಕುಮ. ಯಂತ್ರದ ನೆತ್ತಿಯ ಮೇಲೇ ಕಾಯಿ ಒಡೆದಿದ್ದಿರಲ್ಲ! ಒಣಗಿಸಿ, ಮುಚ್ಚಳಕ್ಕೆ ರಬ್ಬರ್ ಕೂರಿಸಿದೆವು. ಮರುಟೆಸ್ಟಿನಲ್ಲಿ ಸದ್ದಿಲ್ಲದೆ ಪಾಸಾಯಿತು. ಮುಂದೆ ಯಾವಳೋ ಹೆಂಗಸು ಹಸಿ ಕೈಯಲ್ಲಿ ಹಿಟ್ಟು ಹಾಕುವಾಗಲೂ ನೀರು ಅಲ್ಲಿಗೇ ಇಳಿಯುತ್ತಿತ್ತು. ನೀವು ಕಾಯಿ ಒಡೆಯದಿದ್ದರೆ ನಾನು ಒಣ ಯಂತ್ರವನ್ನೇ ಟೆಸ್ಟ್ ಮಾಡಿ ಪಾಸೆಂದು ಕಳಿಸಿಬಿಡುತ್ತಿದ್ದೆನೇನೋ.

"ಅಂಗಡ್ಯಾಗ ಗಿರಾಕಿ ಒದರೂದಕಿಂತ ಇಲ್ಲೇ ಪೆಟ್ಟಿಗಿ ಒದರಿದ್ದು ಚಲೋ ಆತು" ಎಂದು ಕಾಕಾ ಆರ್ಡರ್ ಕೊಟ್ಟರು. ಮಾಲು ತಯಾರಿದೆ. ಆದರೆ ಟೆಂಪೋದ ಕರೆಪ್ಪ, "ಆಯಿ ವಿಭೂತಿ ಹಚ್ಚಲಾರದ ನಾ ಒಂದೂ ಏರಿಸಂಗಿಲ್ರಿ" ಎಂದು ಕೂತಿದ್ದಾನೆ. ನಾನೇ ಹಚ್ಚುತ್ತೇನೆ ಎಂದರೆ, "ನಿಮ್ಮ ಕೈಗುಣದ್ದು ಇನ್ನೂ ಟೆಸ್ಟಿಂಗ್ ಆಗಿಲ್ರಿ ಅಕ್ಕಾರ" ಎನ್ನುತ್ತಾನೆ.

ಬನ್ನಿ ಅತ್ತೆ. ಯಂತ್ರಕ್ಕೆ ಒಣ ವಿಭೂತಿಯೇ ಇರಲಿ, ಕಾಯಿಯನ್ನು ಹೊಸ್ತಿಲಿಗೆ ಒಡೆಯೋಣ. ಇದಕ್ಕೆ ನೀವು ಒಪ್ಪುವುದಿಲ್ಲವೆಂದು ಗೊತ್ತು. ಒಪ್ಪದಿದ್ದರೂ ಬನ್ನಿ, ಆ ಜಗಳವನ್ನು ಮನೆಯಲ್ಲೇ ಕೂತು ಆಡೋಣ.

ನಿಮ್ಮ ಆಶೀರ್ವಾದ, ಬೈಗುಳ ಎರಡಕ್ಕೂ ಕಾಯುತ್ತಿರುವ ಸೊಸೆ,
ವಿಜಯಶ್ರೀ