ಎಳೆದು ಕೆಡಿಸಿದ ಆರು ಎಲೆಗಳು

ಮಾರ್ಚ್ ೧೧, ಮಂಗಳವಾರ

ಆ ಆರು ಎಲೆಗಳು ಇನ್ನೂ ಕಣ್ಣಿಂದ ಹೋಗಿಲ್ಲ. ಸೋದರತ್ತೆ ಮೊದಲ ಬಾರಿಗೆ ತಮ್ಮ ಹೊಲಿಗೆ ಅಂಗಡಿಯ ಒಂದು ಇಡೀ ಕೌದಿಯನ್ನು ನನ್ನ ಕೈಗೆ ಬಿಟ್ಟಿದ್ದರು. ಪಕ್ಕದ ಬೀದಿಯ ನರ್ಸಕ್ಕನ ಮಗುವಿಗೆ, ನಾಳೆಗೆ ಬೇಕು. ದಾರದಲ್ಲೇ ಎಲೆಯ ಆಕಾರ ಮೂಡಿಸುವ ಎಲೆ ಹೊಲಿಗೆಯಲ್ಲಿ ಬಟ್ಟೆಯನ್ನು ಮೆಷಿನ್ನೇ ಹಿಂದೆ ಮುಂದೆ ನಡೆಸುತ್ತದೆ, ನಾವು ಎಳೆಯಬಾರದು. ನನಗೆಲ್ಲಿಯ ತಾಳ್ಮೆ? ಎಳೆದೆ. ಎಲೆಗಳು ಉದ್ದವಾಗಿ ಹುಳುಗಳಂತಾದವು.

ಆಮೇಲೆ ಏನಾಯಿತೋ, ನೀಲಿ ಬಟ್ಟೆ ನೀರಿನಂತೆ ಕಂಡಿತು. ಕೈ ಸಡಿಲವಾಯಿತು. ನಾನು ಎಲ್ಲೋ ತೇಲುತ್ತಿದ್ದೆ. ಸೂಜಿ ತನ್ನ ಪಾಡಿಗೆ ಎಲೆ ಬಿಡುತ್ತಾ ಹೋಯಿತು. ಎಚ್ಚರವಾದಾಗ ಮೂರು ಸಾಲು ಮುಗಿದಿದ್ದವು, ಒಂದೆಲೆಯೂ ಸೊಟ್ಟಗಿರಲಿಲ್ಲ.

"ಅಬ್ಬಾ, ಕೈ ಕುದುರಿತು ಕಣೇ! ನಾಳೆಯಿಂದ ಈ ಮೆಷಿನ್ ನಿಂದೇ," ಎಂದರು ಅತ್ತೆ.

ಕೆಟ್ಟ ಎಲೆಗಳು ಅಂಚಿನ ಪಟ್ಟಿಯ ಕೆಳಗೆ ಮುಚ್ಚಿಹೋಗುತ್ತಿದ್ದವು. ಸುಮ್ಮನಿದ್ದರೆ ಆಗುತ್ತಿತ್ತು. ಬಾಯಿ ಕೇಳಬೇಕಲ್ಲ.

"ಅತ್ತೆ, ಮೂಲೇಲಿ ಆರು ಕೆಡಿಸಿದ್ದೀನಿ. ಚೆನ್ನಾಗಿರೋದನ್ನ ಹೊಲಿಯುವಾಗ ನಾನು ಇಲ್ಲಿರ್ಲೇ ಇಲ್ಲ."

ಅತ್ತೆ ಮೂಲೆಯನ್ನು ಮಗುಚಿ ನೋಡಿದರು. "ಶಾಲೇಲೂ ಹೀಗೇ ತೇಲ್ತಾ ಕೂತಿರ್ತಿದ್ಯಾ, ಮಹಾರಾಯ್ತಿ?"

"ಇಲ್ಲ ಅತ್ತೆ. ಅಲ್ಲಿ ಕೂರೋಕೇ ಆಗ್ಲಿಲ್ಲ, ಅದಕ್ಕೇ ಬಿಟ್ಟೆ."

ಅವರು ನಗಲಿಲ್ಲ. "ಆರನ್ನೂ ಬಿಚ್ಚು. ಮೆಷಿನ್ ಮಾತು ಆಮೇಲೆ," ಎಂದರು.

ಐದು ಬಿಚ್ಚಿದ್ದೇನೆ. ಒಂದೊಂದು ಎಲೆಗೂ ನಲವತ್ತು ಹೊಲಿಗೆ, ಬೆರಳ ತುದಿ ಉರಿಯುತ್ತಿದೆ. ಮೆಷಿನ್ ಸಿಗುತ್ತದೋ ಇಲ್ಲವೋ. ಆದರೆ ಆ ಮೂರು ಸಾಲಿನ ಹೊತ್ತು ನನಗೆ ಎದ್ದು ಹೋಗಬೇಕು ಅನ್ನಿಸಲಿಲ್ಲ. ಹದಿನೇಳು ವರ್ಷದಲ್ಲಿ ಇದೇ ಮೊದಲು. ಅತ್ತೆಗೆ ಹೇಳಬೇಕಿದ್ದದ್ದು ಇದು, ಇದನ್ನೇ ಹೇಳಲಿಲ್ಲ. ಬೆಳಿಗ್ಗೆ ಎದ್ದ ತಕ್ಷಣ, ಮುಖ ತೊಳೆಯುವ ಮೊದಲೇ ಅತ್ತೆಗೆ ಇದನ್ನು ಹೇಳಿಬಿಡುತ್ತೇನೆ.